ಇಪ್ಪತ್ತೆರಡು ವರ್ಷದ ಪೆಟ್ಟಿಗೆ

ಸೋಮವಾರ ಬೆಳಿಗ್ಗೆ 11.10ಕ್ಕೆ ಸಿಗಾರ್ ಅಂಗಡಿಯ ಮಾಲೀಕರು ಏದುಸಿರು ಬಿಡುತ್ತ ಠಾಣೆಗೆ ಬಂದು ಕಳ್ಳತನದ ದೂರು ಕೊಟ್ಟರು. ಏನು ಹೋಗಿದೆ ಎಂದು ರೈಟರ್ ಕೇಳಿದ. ಪೆಟ್ಟಿಗೆ ಇದೆ, ಅದರಲ್ಲಿ ಇಪ್ಪತ್ತೈದು ಸಿಗಾರ್ ಇರಬೇಕಿತ್ತು, ಇಪ್ಪತ್ತೈದೂ ಇವೆ ಎಂದರು ಮಾಲೀಕರು. ರೈಟರ್ ಪೆನ್ನಿನ ಮುಚ್ಚಳ ಹಾಕಿ ಇನ್‌ಸ್ಪೆಕ್ಟರ್ ಕೋಣೆಯತ್ತ ಕೈ ತೋರಿಸಿದ.

ಇನ್‌ಸ್ಪೆಕ್ಟರ್ ಮೇಡಂ ತಲೆಬುಡವಿಲ್ಲದ ದೂರುಗಳನ್ನು ಕೇಳಿ ಪಳಗಿದವರು. ಕುರ್ಚಿ ತೋರಿಸಿ, ನೀರು ಕೊಡಿಸಿ, ಮೊದಲಿನಿಂದ ಹೇಳಿ ಎಂದರು. ಮಾಲೀಕರ ತಂದೆ ಬದುಕಿದ್ದಾಗ ಕ್ಯೂಬಾದಿಂದ ತರಿಸಿ, ಹಣ್ಣಾಗಲೆಂದು ಎತ್ತಿಟ್ಟ ಪೆಟ್ಟಿಗೆಯದು. ಸಿಗಾರ್ ಹೊಸದಿದ್ದಾಗ ಅಮೋನಿಯಾದ ಘಾಟು ಹೊಡೆಯುತ್ತದೆ, ಗಂಟಲು ಕಚ್ಚುತ್ತದೆ. ಹದವಾದ ತೇವ, ಹದವಾದ ತಂಪಿನಲ್ಲಿ ವರ್ಷಗಟ್ಟಲೆ ಮಲಗಿದರೆ ಹರೆಯದ ಹಾರಾಟ ಇಳಿದು, ಎಲೆಗಳ ಎಣ್ಣೆ ಒಂದಕ್ಕೊಂದು ಬೆರೆತು ಮೆತ್ತಗಾಗುತ್ತದೆ. ಆ ಪೆಟ್ಟಿಗೆಗೆ ಈಗ ಇಪ್ಪತ್ತೆರಡು ವರ್ಷ. ಇವತ್ತು ಕೊಳ್ಳಲು ಬಂದ ಹಳೆ ಸಿಗಾರ್‌ಗಳ ಸಂಗ್ರಾಹಕರೊಬ್ಬರು ಮುಚ್ಚಳ ತೆಗೆದು ಮೂಸಿ, ಇವು ಹೋದ ವರ್ಷದ ಕೂಸುಗಳು ಎಂದು ನಕ್ಕು ಹೊರಟುಹೋದರಂತೆ.

"ಹಳೇದು ತೆಗೆದು ಹೊಸದು ಇಟ್ಟಿದ್ದಾರೆ. ಅಂಗಡೀಲಿ ಹೊಸದರ ಎಣಿಕೆ ಕಡಿಮೆ ಬಂದಿದೆಯಾ?"

"ಅದೂ ಸರಿ ಇದೆ ಮೇಡಂ."

ಹಾಗಾದರೆ ಹಳೆಯವು ಹೊಸದರ ಜಾಗದಲ್ಲಿ ಕುಳಿತಿವೆ, ಅಥವಾ ಹೊಸದರ ಹೆಸರಿನಲ್ಲಿ ಮಾರಾಟವಾಗಿವೆ ಎಂದು ಇನ್‌ಸ್ಪೆಕ್ಟರ್ ಗುರುತು ಹಾಕಿಕೊಂಡರು. 11.45ಕ್ಕೆ ಎಫ್‌ಐಆರ್ ದಾಖಲಾಯಿತು. ಕಳುವಾದ ಮಾಲಿನ ವಿವರ ಎಂಬಲ್ಲಿ ಇಪ್ಪತ್ತೆರಡು ವರ್ಷ ಎಂದು ಬರೆಯಲೇ ಎಂದು ರೈಟರ್ ಕೇಳಿದ. ಮೇಡಂ ಕಣ್ಣು ಬಿಟ್ಟರು, ಆದರೆ ನಗು ತಡೆಯುವುದು ಅವರಿಗೂ ಕಷ್ಟವಾಯಿತು.

12.30ಕ್ಕೆ ದಫೇದಾರನನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಅಂಗಡಿಯ ಹಿಂದೆ ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ದೇವದಾರು ಹಲಗೆ, ಮೂಲೆಯಲ್ಲಿ ತೇವ ಅಳೆಯುವ ಮಾಪಕ. ಬೀಗ ಮುರಿದಿರಲಿಲ್ಲ. ಕೀಲಿ ಎರಡು: ಒಂದು ಮಾಲೀಕರ ಬಳಿ, ಇನ್ನೊಂದು ಮೂವತ್ತೊಂದು ವರ್ಷದಿಂದ ಆ ಕೋಣೆ ನೋಡಿಕೊಳ್ಳುತ್ತಿದ್ದ ಹಿರಿಯರ ಬಳಿ. ರಕ್ತಸಂಬಂಧವಿಲ್ಲದಿದ್ದರೂ ಮಾಲೀಕರಿಗೆ ಅವರು ಚಿಕ್ಕಂದಿನಿಂದ ಮಾಮ. ಮಾಮನನ್ನು ಅನುಮಾನಿಸುವುದಾದರೆ ಮೊದಲು ನನ್ನನ್ನೇ ಒಳಗೆ ಹಾಕಿ ಎಂದುಬಿಟ್ಟರು ಮಾಲೀಕರು. ಮಾಮ ಗಲ್ಲಾಪೆಟ್ಟಿಗೆಯ ಪಕ್ಕ ಕೈಕಟ್ಟಿ ನಿಂತಿದ್ದರು.

ಪಕ್ಕದ ಕನ್ನಡಕದಂಗಡಿಯವರನ್ನೂ ಗಡಿಯಾರ ರಿಪೇರಿಯವರನ್ನೂ ಪಂಚರಾಗಿ ಕರೆದು ಪಂಚನಾಮೆ ಶುರುವಾಯಿತು. ಬಿಳಿ ಬಟ್ಟೆ ಹಾಸಿ ಸಿಗಾರ್‌ಗಳನ್ನು ಒಂದೊಂದಾಗಿ ಎತ್ತಿಟ್ಟರು. ಅಷ್ಟರಲ್ಲಿ ದಫೇದಾರ ಖಾಲಿ ಪೆಟ್ಟಿಗೆಗೆ ಮೂಗು ಹಚ್ಚಿ, ಮುಖ ಇಳಿಬಿಟ್ಟುಕೊಂಡು ಮೇಡಂ ಬಳಿ ಬಂದ.

"ಈ ಮರಕ್ಕೆ ಅಂಟಿರೋ ಹಳೇ ವಾಸನೆ ನನಗೆ ಗೊತ್ತು ಮೇಡಂ."

"ಹೇಗೆ?"

ಏಪ್ರಿಲ್‌ನಲ್ಲಿ ಮಗಳಿಗೆ ಹೆರಿಗೆಯಾದ ದಿನ ಇದೇ ಅಂಗಡಿಯಲ್ಲಿ ಒಂದು ಸಿಗಾರ್ ಕೊಂಡಿದ್ದನಂತೆ, ಸಾಮಾನ್ಯ ಬೆಲೆಯದು. ಮಾಮನೇ ಒಳಗೆ ಹೋಗಿ ಆರಿಸಿ ತಂದು, ಇವತ್ತೇ ಸೇದಿ, ನಾಳೆಗೆ ಇಡಬೇಡಿ ಎಂದಿದ್ದರು. ಅಂಥದ್ದು ಜನ್ಮದಲ್ಲಿ ಸೇದಿರಲಿಲ್ಲ. ಆಮೇಲೆ ಮೂರು ಸಲ ಕೊಂಡರೂ ಆ ರುಚಿ ಬರಲಿಲ್ಲ. ಕದ್ದ ಮಾಲು ಸುಟ್ಟ ತಪ್ಪಿಗೆ ಕೆಲಸ ಹೋಗುತ್ತದೆಯೇ ಎಂದು ಅವನು ಪಿಸುಗುಟ್ಟಿದ. ಗೊತ್ತಿಲ್ಲದೆ ಕೊಂಡವನು ಸಾಕ್ಷಿಯೇ ಹೊರತು ಆರೋಪಿಯಲ್ಲ ಎಂದು ಮೇಡಂ ಸಮಾಧಾನ ಹೇಳಿದರು.

ಪೆಟ್ಟಿಗೆಯ ತಳದಲ್ಲಿ ಒಂದು ಚೀಟಿ ಸಿಕ್ಕಿತು. ಆ ಅಂಗಡಿಯಲ್ಲಿ ಯಾವ ಸಿಗಾರ್ ಮಲಗಿಸಿದರೂ ಅಡಿಯಲ್ಲಿ ಮಲಗಿಸಿದ ತಾರೀಖಿನ ಚೀಟಿ ಇಡುವುದು ಮಾಲೀಕರ ತಂದೆಯ ಕಾಲದ ಕಟ್ಟುನಿಟ್ಟು. ಇದರಲ್ಲಿ ಇಪ್ಪತ್ತೆರಡು ವರ್ಷದ ಹಿಂದಿನ ತಾರೀಖು ಇರಬೇಕಿತ್ತು. ಇದ್ದದ್ದು ಈ ವರ್ಷದ ಮಾರ್ಚ್ 14. ಗುಂಡುಗುಂಡಾದ ಅಕ್ಷರ. ಸುತ್ತಲಿನ ಕಪಾಟುಗಳ ಚೀಟಿಗಳಲ್ಲೆಲ್ಲ ಅದೇ ಕೈಬರಹ.

ಮಾಲೀಕರು ಗೋಡೆಗೆ ಒರಗಿದರು. ಇನ್‌ಸ್ಪೆಕ್ಟರ್ ಮಾಮನ ಕಡೆ ತಿರುಗಿದರು.

"ಇದು ನಿಮ್ಮ ಅಕ್ಷರವೇ?"

"ಹೌದು."

"ಬದಲಾಯಿಸಿದ್ದು ನೀವೇ?"

"ನಾನೇ ಮೇಡಂ."

"ಹಳೇ ಚೀಟಿಯನ್ನೇ ಇಟ್ಟಿದ್ದರೆ ನೀವು ನಮಗೆ ಇಷ್ಟು ಬೇಗ ಸಿಗ್ತಿರಲಿಲ್ಲ."

"ಅದು ಹೇಗಾಗುತ್ತೆ? ಹಸೀದಕ್ಕೆ ಹಣ್ಣಿನ ತಾರೀಖು ಹಾಕಿದ್ರೆ ಮುಂದೆ ಯಾರೋ ನಂಬಿ ಸೇದಿ ಮೋಸ ಹೋಗ್ತಾರೆ. ನನ್ನ ಕೈಲಿ ಅದಾಗಲ್ಲ."

ಕಳ್ಳತನ ಮಾಡಿದ ಕೈಗೆ ಸುಳ್ಳು ತಾರೀಖು ಬರೆಯಲು ಆಗಲಿಲ್ಲ ಎಂಬುದನ್ನು ಪಂಚನಾಮೆಯ ಭಾಷೆಯಲ್ಲಿ ಹೇಗೆ ಬರೆಯುವುದು ಎಂದು ಇನ್‌ಸ್ಪೆಕ್ಟರ್‌ಗೆ ತೋಚಲಿಲ್ಲ. ಮೂವತ್ತೊಂದು ವರ್ಷದ ಒಳ್ಳೆಯ ಹೆಸರು ಈ ಮಧ್ಯಾಹ್ನ ಮಣ್ಣುಪಾಲಾಗುತ್ತಿತ್ತು. ಆ ಮನುಷ್ಯನ ಮುಖದಲ್ಲೋ, ಊಟ ಬಡಿಸಿ ಮುಗಿಸಿದವರ ನೆಮ್ಮದಿ. ಇವರನ್ನು ಹಿಡಿಯಲು ಮನಸ್ಸಿಲ್ಲ ಎಂದು ಇನ್‌ಸ್ಪೆಕ್ಟರ್‌ಗೆ ಸ್ಪಷ್ಟವಾಗಿ ಅನ್ನಿಸಿತು. ಆದರೂ 2.20ಕ್ಕೆ ದಸ್ತಗಿರಿ ಆಯಿತು.

ಠಾಣೆಯಲ್ಲಿ ಮಾಮ ಹೇಳಿಕೆ ಕೊಟ್ಟರು. ಸಿಗಾರ್‌ಗೆ ವಯಸ್ಸು ಒಳ್ಳೆಯದು, ಆದರೆ ಕೊನೆಯಿಲ್ಲದೆ ಅಲ್ಲ. ಏರಿದ್ದು ಇಳಿಯಲೇಬೇಕು. ಆ ಪೆಟ್ಟಿಗೆ ತುತ್ತತುದಿಯಲ್ಲಿತ್ತು. ಇನ್ನು ನಾಲ್ಕೈದು ವರ್ಷವಾದರೆ ಅದು ಪರಿಮಳದ ನೆನಪಿರುವ ಒಣ ಎಲೆ. ಮಾಲೀಕರಿಗೆ ಎರಡು ಸಲ ಹೇಳಿದ್ದರು. ಇರಲಿ ಮಾಮ, ಇಟ್ಟಷ್ಟೂ ಬೆಲೆ ಎಂಬ ಉತ್ತರ ಬಂತು. ಆಮೇಲೆ ಈ ಸಂಗ್ರಾಹಕರು ಗಂಟುಬಿದ್ದರು. ಅವರದು ಗಾಜಿನ ಕಪಾಟು, ಒಂದನ್ನೂ ಹೊತ್ತಿಸುವವರಲ್ಲ. ಆ ವಾರವೇ ಮಾಮ ಅದಲುಬದಲು ಮಾಡಿದರು. ಆಮೇಲೆ ಬಂದ ಗಿರಾಕಿಗಳಲ್ಲಿ ಏನೋ ಒಂದು ಸಂತೋಷ ಹೊತ್ತು ಬಂದವರಿಗೆ ಮಾತ್ರ, ಸಾಮಾನ್ಯ ಬೆಲೆಗೆ, ಒಂದೊಂದೇ ಕೊಟ್ಟರು.

"ಎಲ್ಲಾ ಖರ್ಚಾಯ್ತಾ?"

"ಇಪ್ಪತ್ನಾಲ್ಕು. ಒಂದಿದೆ. ಚಿಕ್ಕ ಯಜಮಾನ್ರಿಗೆ ಅಂತ ಎತ್ತಿಟ್ಟಿದ್ದೀನಿ. ಅಪ್ಪ ಇಟ್ಟ ಪೆಟ್ಟಿಗೇಲಿ ಮಗ ಒಂದೂ ಸೇದಿಲ್ಲ ಅಂದ್ರೆ ಏನು ಚೆಂದ?"

ದಫೇದಾರ ಹೋಗಿ ಮಾಮ ಹೇಳಿದ ಖಾನೆಯಿಂದ ಅದನ್ನು ಜಪ್ತಿ ಮಾಡಿ ತಂದ. ಗುರುತಿಸಲು ಮಾಲೀಕರನ್ನು ಕರೆಸಿದರು. ಅವರು ತಿರುಗಿಸಿ ಮುರುಗಿಸಿ ನೋಡಿ, ಹಳೆಯದೋ ಹೊಸದೋ ಆಣೆ ಮಾಡಿ ಹೇಳಲಾರೆ ಎಂದರು. ಹೊತ್ತಿಸಿದರೆ ತಾನೇ ಹೇಳುತ್ತದೆ ಎಂದರು ಮಾಮ.

ಇನ್‌ಸ್ಪೆಕ್ಟರ್ ಒಂದು ಗಳಿಗೆ ಯೋಚಿಸಿದರು. ಪ್ರಯೋಗಾಲಯದವರೂ ಕತ್ತರಿಸಿ ಸುಡುವವರೇ. ತುದಿಯಿಂದ ಒಂದು ಅಂಗುಲ ಕತ್ತರಿಸಿ ಮಾದರಿಗೆಂದು ಮೊಹರು ಮಾಡಿಸಿದರು. ಉಳಿದದ್ದನ್ನು ಅದೇ ಪಂಚರ ಎದುರು, ಠಾಣೆಯ ಹಿಂದಿನ ಅಂಗಳದಲ್ಲಿ, 4.40ಕ್ಕೆ ಹೊತ್ತಿಸಲು ಮಾಲೀಕರಿಗೆ ಕೊಟ್ಟರು.

ಮೊದಲ ದಮ್ಮಿಗೆ ಮಾಲೀಕರು ಸಿಗಾರನ್ನು ಬಾಯಿಂದ ತೆಗೆದು ನೋಡಿದರು. ಆಮೇಲೆ ಬೆಂಚಿನ ಮೇಲೆ ಕುಳಿತರು. ಅರ್ಧ ಗಂಟೆ ನಿಧಾನವಾಗಿ ಸೇದಿದರು. ಅವರ ಕಣ್ಣು ತುಂಬಿದ್ದು ಹೊಗೆಗಲ್ಲ ಎಂಬುದು ಪಂಚರಿಗೂ ಗೊತ್ತಾಯಿತು.

"ಮಾಮ, ಉಳಿದವರು ಏನಂದ್ರು?"

ಮಾಮನಿಗೆ ಇಪ್ಪತ್ನಾಲ್ಕು ಮಂದಿಯೂ ನೆನಪಿದ್ದರು. ಕೊನೆಯ ಪಾಳಿ ಮುಗಿಸಿ ನಿವೃತ್ತನಾದ ಬಸ್ಸಿನ ಚಾಲಕ, ಸಾಲು ಸಾಲಾಗಿ ಮೂರು ಹೆಣ್ಣುಮಕ್ಕಳ ಮದುವೆ ಮುಗಿಸಿದ ದರ್ಜಿ, ಗಂಡನಿಗೆಂದು ಕೊಂಡು ತಾನೇ ಸೇದಿದ ನರ್ಸಮ್ಮ. ಒಬ್ಬೊಬ್ಬರ ಮುಖ ಹೇಗಾಯಿತೆಂದು ಮಾಮ ಹೇಳುತ್ತ ಹೋದರು. ಮಾಲೀಕರು ಕೇಳುತ್ತ, ನಡುನಡುವೆ ನಗುತ್ತ, ಬೆರಳಿಗೆ ಬಿಸಿ ತಾಗುವವರೆಗೂ ಸೇದಿದರು. ಇದು ಅಪ್ಪ ಇಟ್ಟದ್ದೇ ಎಂದು ಹೇಳಿಕೆಗೆ ಸಹಿ ಹಾಕಿ, ನಾಳೆ ನ್ಯಾಯಾಲಯದಲ್ಲಿ ಮಾಮನ ಜಾಮೀನಿಗೆ ಯಾರು ನಿಲ್ಲಬಹುದು ಎಂದು ಕೇಳಿದರು. ದೂರುದಾರರೇ ನಿಲ್ಲಬಾರದೆಂದು ಎಲ್ಲೂ ಬರೆದಿಲ್ಲ ಎಂದರು ಇನ್‌ಸ್ಪೆಕ್ಟರ್.

ಎಲ್ಲ ಮುಗಿದ ಮೇಲೆ, ಕಾಗದಕ್ಕೆ ಬೇಡದ ಒಂದು ಪ್ರಶ್ನೆ ಇನ್‌ಸ್ಪೆಕ್ಟರ್ ಮಾಮನಿಗೆ ಕೇಳಿದರು: ನಿಮಗೆಂದು ಒಂದನ್ನೂ ಇಟ್ಟುಕೊಳ್ಳಲಿಲ್ಲವೇ?

"ನಾನು ಜೀವಮಾನದಲ್ಲಿ ಸೇದಿದೋನಲ್ಲ ಮೇಡಂ. ಸೇದಿದ್ರೆ ಮೂಗು ಕೆಡುತ್ತೆ, ಹಣ್ಣಾಗಿದ್ದು ಗೊತ್ತಾಗಲ್ಲ. ಅದು ಹೇಗಿರುತ್ತೆ ಅಂತ ನಾನು ಸೇದೋರ ಮುಖ ನೋಡಿಯೇ ತಿಳ್ಕೊಬೇಕು."