ರಾಗಿ ಹೊಲದ ವ್ಯಾನು

ವ್ಯಾನಿನ ಹಿಂಬಾಗಿಲ ಸರಪಳಿ ಬಿಚ್ಚಿದವಳು ಕೆಂಚಿ. ಒಳಗೆ ಕಾಲಿಟ್ಟವಳೇ ಕೈಯಲ್ಲಿದ್ದ ಗಂಜಿಯ ಪಾತ್ರೆ ಬಿಟ್ಟು ಹೊರಕ್ಕೆ ಹಾರಿದಳು. ಮಂಚದ ಮೇಲೆ ಕಟ್ಟೆಮಳಲವಾಡಿಯ ಸಿದ್ದಯ್ಯ ಮಲಗಿದ್ದ. ಕಂಬಳಿ ಎದೆಯವರೆಗೆ ಹೊದ್ದಿದ್ದ. ಕಿಟಕಿ ಮುಚ್ಚಿತ್ತು. ಮುಖ ಕೆಂಪಗಿತ್ತು. ಮೈ ತಣ್ಣಗಿತ್ತು.

ಎನ್. ಬೇಗೂರಿನ ಆ ಹೊಲವನ್ನು ಎಚ್.ಡಿ. ಕೋಟೆ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಚಿಕ್ಕಬಸಪ್ಪ ತಲುಪುವ ಹೊತ್ತಿಗೆ ಬಿಸಿಲೇರಿತ್ತು. ಆನೆ ತುಳಿದ ಹೆಣ ನೋಡಿದ್ದ. ಮಚ್ಚಿನಿಂದ ಕಡಿದ ಹೆಣ ನೋಡಿದ್ದ. ಗಾಯವಿಲ್ಲ, ನೊರೆಯಿಲ್ಲ, ಈಗಷ್ಟೇ ಕಣ್ಣು ಮುಚ್ಚಿದಂತಿರುವ ಇಂಥ ಹೆಣ ನೋಡಿರಲಿಲ್ಲ. ಅವನಿಗೇ ದಿಗಿಲಾಯಿತು.

1975ರ ಮಾತು. ಆ ವ್ಯಾನು ಮೊದಲು ಮೈಸೂರಿನಲ್ಲಿ ಪಾರ್ಸೆಲ್ ಹೊರುತ್ತಿತ್ತು. ಸಿದ್ದಯ್ಯ ಹಳೆಯದಾಗಿ ಕೊಂಡು, ಹುಣಸೂರಿನ ಬಡಗಿಗಳಿಂದ ತೇಗದ ಹಲಗೆ ಹಾಸಿಸಿ, ಮಂಚ, ಸ್ಟೌ, ನೀರಿನ ಡ್ರಮ್ಮು, ಕಿಟಕಿ ಎಲ್ಲ ಕೂರಿಸಿದ್ದ. ಮಂಡಿನೋವಿನವನಿಗೆ ಮರದ ಮೇಲಿನ ಅಟ್ಟಣೆ ಹತ್ತಲು ಆಗುತ್ತಿರಲಿಲ್ಲ. ರಾಗಿ ತೆನೆ ಬಲಿಯುವ ಕಾಲಕ್ಕೆ ವ್ಯಾನನ್ನು ಕಾಡಂಚಿನ ಹೊಲದಲ್ಲಿ ನಿಲ್ಲಿಸಿ ಅದರಲ್ಲೇ ಮಲಗುತ್ತಿದ್ದ. ಆನೆ ಬಂದರೆ ಒಳಗಿನಿಂದಲೇ ಮುಂದಿನ ಸೀಟಿಗೆ ದಾಟಿ ಎಂಜಿನ್ ಹಾಕಿ ದೀಪ ಬೆಳಗಿಸುವುದು, ಅವು ದೂರ ಹೋಗುವವರೆಗೆ ಎಂಜಿನ್ ಆರಿಸದಿರುವುದು ಅವನ ಪದ್ಧತಿ. ಜನ ನಕ್ಕರು. ಆನೆಗಳು ನಗಲಿಲ್ಲ, ಸುಮ್ಮನೆ ಬೇರೆಯವರ ಹೊಲಕ್ಕೆ ಹೋದವು.

ಕೆಂಚಿಯ ಗಂಡ ಮಾರ ಪಕ್ಕದ ಗಿರಿಜನರ ಹಾಡಿಯವನು. ಆ ಹೊಲವನ್ನು ಅಪ್ಪನ ಕಾಲದಿಂದ ವಾರಕ್ಕೆ ಉಳುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ಸಿದ್ದಯ್ಯನಿಗೆ. ಈಗ ಮಾರ ವ್ಯಾನಿನ ಪಕ್ಕ ಕೈಕಟ್ಟಿ ನಿಂತಿದ್ದ.

"ಸರಪಳಿ ಹಾಕಿದ್ದು ಯಾರು?" ಚಿಕ್ಕಬಸಪ್ಪ ಕೇಳಿದ.

"ನಾನೇ ಸ್ವಾಮಿ."

"ಮನುಷ್ಯ ಒಳಗಿರುವಾಗ ಹೊರಗಿನಿಂದ ಯಾಕೆ?"

"ಒಳಗ್ಲ ಚಿಲ್ಕ ಇಲ್ಲ ಸ್ವಾಮಿ, ಕಿತ್ತೋಗದೆ. ಆನೆ ಸೊಂಡ್ಲು ಆಕಿ ಎಳುದ್ರೆ ಬಾಗ್ಲು ತಕ್ಕತದೆ. ಈಚಿಂದ ಸರಪಳಿ ಆಕ್ಬುಡ್ಲಾ ಅಂತ ಬುದ್ಯೋರೇ ಏಳುದ್ರು."

"ರಾತ್ರಿ ಏನಾಯ್ತು?"

"ಆನೆ ಬಂದೋ. ಬುದ್ಯೋರು ಇಂಜಿನ್ ಆಕುದ್ರು. ನಾನು ಅಟ್ಣೆ ಮ್ಯಾಲಿದ್ದೆ. ಸದ್ದು ನಿಲ್ನೇ ಇಲ್ಲ. ಎಚ್ರವಾಗವ್ರೆ ಅನ್ಕಂಡು ಸುಮ್ಕಾದೆ."

ಚಿಕ್ಕಬಸಪ್ಪ ಪೆಟ್ರೋಲ್ ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ನೋಡಿದ. ಒಣಗಿತ್ತು. ಎಂಜಿನ್ ತಾನಾಗಿ ನಿಂತಿದೆ.

ಅಷ್ಟರಲ್ಲಿ ಹೊಗೆಸೊಪ್ಪಿನ ಲಾರಿಯೊಂದು ಧೂಳೆಬ್ಬಿಸಿಕೊಂಡು ಬಂತು. ಇಳಿದವನು ಸಿದ್ದಯ್ಯನ ತಮ್ಮ ದೇವರಾಜು. ಅಣ್ಣನ ಕಾಲು ಹಿಡಿದು ಗೋಳೋ ಎಂದು ಅತ್ತ. ಎದ್ದವನೇ ಮಾರನ ಕಪಾಳಕ್ಕೆ ಹೊಡೆದ.

"ಇವ್ನೇ ಸಾರ್. ಅನ್ನದಲ್ಲಿ ವಿಷ ಇಕ್ಕವ್ನೆ. ಉತ್ತೋನ್ಗೇ ಭೂಮಿ ಅನ್ನೋ ಕಾನೂನು ಇಡ್ಕಂಡು ಈ ಹೊಲ ನಂದು ಅಂತ ಭೂ ನ್ಯಾಯಮಂಡಳಿಗೆ ಅರ್ಜಿ ಆಕವ್ನೆ. ಬರೋ ಸೋಮವಾರ ಕೋಟೆಲಿ ವಿಚಾರಣೆ. ನಮ್ಮಣ್ಣ ಬಂದು ಇವ್ನು ಗೇಣಿದಾರ ಅಲ್ಲ ಅನ್ನೋನಿದ್ದ."

"ಇಲ್ಲ ಸ್ವಾಮಿ," ಮಾರ ಅಂದ. "ಉತ್ತೋನು ನೀನೇ ಕಣ್ಲಾ, ನಾನೇ ಬಂದು ಏಳ್ತೀನಿ ಅಂದಿದ್ರು."

"ಯಾರ ಮುಂದೆ ಹೇಳಿದ್ರು?"

ಮಾರ ಹೆಂಡತಿಯ ಮುಖ ನೋಡಿದ. ಹೇಳಿದಾಗ ಅಲ್ಲಿದ್ದವರು ಇವರಿಬ್ಬರೇ. ಕೊಲೆಗಾರನೆಂದು ಸಾಬೀತಾದರೆ ಮಾರನಿಗೆ ನೇಣು. ಆಗದಿದ್ದರೂ ಹೊಲ ಕೈಬಿಟ್ಟಂತೆಯೇ, ಸಾಕ್ಷಿ ಹೇಳಬೇಕಾದವನು ಹೆಣವಾಗಿ ಬಿದ್ದಿದ್ದ.

*

ಕೋಟೆಯ ಆಸ್ಪತ್ರೆಯ ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಬಂದರು.

"ವಿಷ ಅಲ್ಲ ಇನ್‌ಸ್ಪೆಕ್ಟರೇ. ಗಾಡಿ ಹೊಗೆ. ಮುಚ್ಚಿದ ಜಾಗದಲ್ಲಿ ಅದು ಮನುಷ್ಯನಿಗೆ ಗೊತ್ತೇ ಆಗದ ಹಾಗೆ ಕೊಲ್ಲುತ್ತೆ. ಮುಖದ ಕೆಂಪು ಅದರದ್ದೇ."

ಆನೆಗೆ ಹೆದರಿ ಹಾಕಿದ ಎಂಜಿನ್ನೇ ಯಜಮಾನನನ್ನು ತಿಂದಿತ್ತು. ಆದರೆ ಹೊಗೆ ಒಳಗೆ ಬಂದದ್ದು ಹೇಗೆ? ಚಿಕ್ಕಬಸಪ್ಪ ಹೊಲಕ್ಕೆ ವಾಪಸು ಹೋಗಿ ಮಂಚ ಎತ್ತಿಸಿದ. ತೇಗದ ಹಲಗೆಯಲ್ಲಿ ಮುಷ್ಟಿಯಗಲದ ಗುಂಡು ತೂತು. ಅಂಚು ಇನ್ನೂ ಹೊಸದು. ನೇರ ಕೆಳಗೆ ಸೈಲೆನ್ಸರ್ ಪೈಪಿನ ಕೀಲು ಬಿಚ್ಚಿ, ಬಾಯಿಯನ್ನು ಮೇಲಕ್ಕೆ ತಿರುಗಿಸಿ ತಂತಿ ಬಿಗಿದಿದ್ದರು.

ಪಕ್ಕದಲ್ಲಿ ನಿಂತಿದ್ದ ದೇವರಾಜು ಮುಖ ಮುಚ್ಚಿಕೊಂಡ.

"ಈ ವ್ಯಾನು ಇಲ್ಲಿಗೆ ಬರೋ ಮೊದಲು ಎಲ್ಲಿತ್ತು?"

"ನನ್ ಅತ್ರ ಸಾರ್. ಓದ್ ವಾರ ಮೈಸೂರಿಗೆ ಎಫ್.ಸಿ.ಗೆ ಒಯ್ದಿದ್ದೆ. ಮೋಟಾರ್ ಇನ್‌ಸ್ಪೆಕ್ಟ್ರು ಅಡೀಲಿ ಮಲಗ್ಕಂಡು ಒಂದೊಂದು ನಟ್ಟೂ ನೋಡವ್ರೆ. ಆಗ ಈ ತೂತು ಇರ್ನಿಲ್ಲ. ಇಲ್ಲಿಗೆ ಬಂದ್ಮೇಲೆ ಆಗಿರೋದು. ಇಲ್ಲಿದ್ದೋನು ಯಾರು, ನೀವೇ ಏಳಿ."

ಮಾತು ಮೊಳೆ ಹೊಡೆದಂತಿತ್ತು. ರಸ್ತೆಗೆ ಯೋಗ್ಯ ಎಂದು ಸರ್ಕಾರದ ಇನ್‌ಸ್ಪೆಕ್ಟರು ಪರೀಕ್ಷಿಸಿ ಕೊಡುವುದೇ ಎಫ್.ಸಿ. ಅವರ ಕಣ್ಣಿಗೆ ಬೀಳದ ತೂತು ಆಮೇಲೆ ಬಿದ್ದದ್ದೇ ಸರಿ. ಮಾರನಿಗೆ ಕೋಳ ಬಿತ್ತು. ಕೆಂಚಿ ಜೀಪಿನ ಹಿಂದೆ ಹಾಡಿಯ ದಾರಿ ಮುಗಿಯುವವರೆಗೂ ಓಡಿಬಂದಳು. ಅತ್ತು ಕರೆಯಲಿಲ್ಲ, ಬರೀ ಓಡಿದಳು. ಚಿಕ್ಕಬಸಪ್ಪನಿಗೆ ಅದನ್ನು ಕಂಡು ಸಂಕಟವಾಯಿತು.

*

ಮೈಸೂರಿನ ಮೋಟಾರ್ ಇನ್‌ಸ್ಪೆಕ್ಟರ ಒಂದು ಹೇಳಿಕೆ ಸಿಕ್ಕಿದರೆ ಕೇಸು ಮುಗಿಯುತ್ತಿತ್ತು. ಚಿಕ್ಕಬಸಪ್ಪ ಅದಕ್ಕಾಗಿಯೇ ಹೋದ. ಅವರು ಕಾಫಿ ತರಿಸಿದರು, ವ್ಯಾನಿನ ವಿಷಯ ಕೇಳಿದರು, ನಕ್ಕುಬಿಟ್ಟರು.

"ಮಂಚದ ವ್ಯಾನಾ? ಅದಕ್ಕೆಲ್ಲಿಯ ಎಫ್.ಸಿ. ಕಣ್ರೀ?"

"ಅಂದ್ರೆ?"

"ಪಾರ್ಸೆಲ್ ಹೊರುವಾಗ ಅದು ಸರಕು ಗಾಡಿ. ವರ್ಷ ವರ್ಷ ಪರೀಕ್ಷೆ. ಸಿದ್ದಯ್ಯನವರು ಮಂಚ, ಸ್ಟೌ ಎಲ್ಲ ಕೂರಿಸಿ ಹೋದ ವರ್ಷ ನನ್ನ ಮುಂದೆ ತಂದು ನಿಲ್ಲಿಸಿದ್ರು. ಸರಕು ಹೊರಲ್ಲ, ಬಾಡಿಗೆಗೆ ಓಡಲ್ಲ, ಮನೆಯವರು ಮಲಗೋಕೆ. ಹಾಗಾದ್ರೆ ಅದು ನಿಮ್ಮ ಕಾರು ಇದ್ದ ಹಾಗೆ, ಖಾಸಗಿ ಗಾಡಿ. ಆ ವರ್ಗಕ್ಕೇ ಬದಲಾಯಿಸಿದ್ವಿ. ಖಾಸಗಿ ಗಾಡಿಯನ್ನು ನಾವು ವರ್ಷ ವರ್ಷ ಕರೆಯಲ್ಲ."

"ಹೋದ ವಾರ ನೀವು ನೋಡಿದ್ರಂತೆ."

"ನಾನೂ ನೋಡಿಲ್ಲ, ಇಲ್ಲಿ ಯಾರೂ ನೋಡಿಲ್ಲ. ತಂದಿದ್ರೂ ವಾಪಸು ಕಳಿಸ್ತಿದ್ದೆ."

ಚಿಕ್ಕಬಸಪ್ಪ ಕಾಫಿ ಲೋಟ ಹಾಗೇ ಕೆಳಗಿಟ್ಟ. ಅಣ್ಣನ ಕಾಲು ಹಿಡಿದು ಅತ್ತವನ ಮುಖ ಕಣ್ಣ ಮುಂದೆ ಬಂತು. ಆ ಕಣ್ಣೀರು ನಂಬಿ ತಾನು ಒಬ್ಬ ಬಡವನ ಕೈಗೆ ಕೋಳ ಹಾಕಿದ್ದ. ತನ್ನ ಮೇಲೆ ತನಗೇ ಅಸಹ್ಯವಾಯಿತು.

*

ಕಟ್ಟೆಮಳಲವಾಡಿಯಲ್ಲಿ ಸಿದ್ದಯ್ಯನ ಹೆಂಡತಿ ಸಾಕಮ್ಮ ಗೋಡೆಗೊರಗಿ ಕೂತಿದ್ದಳು.

"ಹೋದ ವಾರ ವ್ಯಾನು ಎಲ್ಲಿತ್ತಮ್ಮ?"

"ಬ್ರೇಕು ಸರಿ ಮಾಡುಸ್ತೀನಿ ಅಂತ ಮೈದ್ನ ಇಸ್ಕಂಡೋದ ಸ್ವಾಮಿ. ಕಂಪಲಾಪುರದ ಅವ್ನ ಶೆಡ್ನಲ್ಲಿತ್ತು. ಒಗೆಸೊಪ್ಪು ಬೇಯ್ಸೋ ಆಳ್ಗೊಳ್ಗೆ ಬುತ್ತಿ ತಕ್ಕಂಡೋದಾಗ ಕಂಡೆ."

"ಎಫ್.ಸಿ. ಅಂತ ಅನ್ನಲಿಲ್ವಾ?"

"ಅದ್ಕೆ ಎಫ್.ಸಿ. ಗಿಫ್.ಸಿ. ಏನೂ ಬ್ಯಾಡ ಅಂತ ನಮ್ಮೆಜಮಾನ್ರೇ ಅಂದಿದ್ರಲ್ಲ."

ಅವಳನ್ನೂ ಜೀಪಿನಲ್ಲಿ ಕೂರಿಸಿಕೊಂಡು ಚಿಕ್ಕಬಸಪ್ಪ ಕಂಪಲಾಪುರಕ್ಕೆ ಹೊರಟ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದ ಶೆಡ್ಡಿನಲ್ಲಿ ದೇವರಾಜು ಲಾರಿಗೆ ಮೂಟೆ ಏರಿಸುತ್ತಿದ್ದ. ಪೊಲೀಸರು ಮೂಲೆಯ ಸೌದೆ ರಾಶಿ ಕೆದಕಿದರು. ಅಡಿಯಲ್ಲಿ ಒಂದು ಬಾಗಿಲ ಚಿಲಕ ಸಿಕ್ಕಿತು. ಜೊತೆಗೆ ಗುಂಡಗೆ ಕೊರೆದು ತೆಗೆದ ತೇಗದ ಹಲಗೆ ಚೂರು. ಹೊಲಕ್ಕೆ ಒಯ್ದು ಇಟ್ಟು ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ, ಆದರೂ ಆಮೇಲೆ ಇಟ್ಟು ನೋಡಿದರು. ತೂತಿಗೆ ಸರಿಯಾಗಿ ಕೂತಿತು.

"ನೀನು ಎಫ್.ಸಿ. ಹೆಸರು ಎತ್ತದೇ ಇದ್ದಿದ್ರೆ ನಾನು ಮೈಸೂರಿಗೆ ಹೋಗ್ತಾನೇ ಇರಲಿಲ್ಲ," ಚಿಕ್ಕಬಸಪ್ಪ ಹೇಳಿದ. "ಹುಟ್ಟಿದಾಗಿನಿಂದ ಲಾರಿ ಓಡಿಸಿದವನು. ದೊಡ್ಡ ಗಾಡಿ ಅಂದ್ರೆ ವರ್ಷಕ್ಕೊಮ್ಮೆ ಎಫ್.ಸಿ. ಆಗಲೇಬೇಕು ಅನ್ನೋದು ನಿನ್ನ ರಕ್ತದಲ್ಲೇ ಇದೆ. ಅದಕ್ಕೇ ಆ ಸುಳ್ಳು ಅಷ್ಟು ಸಲೀಸಾಗಿ ಬಂತು. ಮಂಚ ಹಾಕಿದ ದಿನವೇ ಆ ವ್ಯಾನಿನ ಜಾತಿ ಬದಲಾಗಿತ್ತು, ಅದೊಂದು ನಿನಗೆ ಗೊತ್ತಿರಲಿಲ್ಲ."

ದೇವರಾಜು ಹಿಂದೆ ಸರಿದು ಲಾರಿಗೆ ಒರಗಿದ.

"ಆನೆ ಬಂದರೆ ಅಣ್ಣ ಎಂಜಿನ್ ಆರಿಸಲ್ಲ ಅಂತ ಗೊತ್ತಿತ್ತು. ತೂತು ಕೊರೆದೆ, ಪೈಪು ತಿರುಗಿಸಿದೆ, ಮೇಲೆ ಮಂಚ ಎಳೆದು ಹೊಲಕ್ಕೆ ತಂದು ನಿಲ್ಲಿಸಿದೆ. ಚಿಲಕ ಕಿತ್ತೆ, ಯಾಕೆ? ಬಾಗಿಲು ಮಾರನ ಕೈಯಿಂದಲೇ ಮುಚ್ಚಲಿ ಅಂತ. ಅಣ್ಣ ಸತ್ತರೆ ನ್ಯಾಯಮಂಡಳಿ ಮುಂದೆ ಹೇಳೋರಿಲ್ಲ. ಮಾರ ಜೈಲಿಗೆ ಹೋದ್ರೆ ಕೇಳೋರಿಲ್ಲ. ಹೊಲ ನಿನ್ನ ಕೈಯಲ್ಲೇ ಉಳಿಯುತ್ತೆ."

"ಊರ್ನೆಲ್ಲ ಆಡಿಯೋರ್ಗೆ ಅಂಚ್ಬುಡ್ತಿದ್ದ," ದೇವರಾಜು ಕೊನೆಗೂ ಅಂದ. "ಇವತ್ತು ಒಂದೊಲ, ನಾಳೆ ಇನ್ನೊಂದು. ನಮ್ಮಪ್ಪ ಮಾಡಿದ್ ಆಸ್ತಿ ಸಾರ್ ಅದು."

"ಅಣ್ಣ ಮಾರನ ಪರ ಹೇಳ್ತಾನೆ ಅಂತ ನಿನಗೆ ಯಾರು ಹೇಳಿದ್ರು?"

ದೇವರಾಜು ಅತ್ತಿಗೆಯ ಕಡೆ ನೋಡಿದ. ಸಾಕಮ್ಮ ಎರಡು ಹೆಜ್ಜೆ ಮುಂದೆ ಬಂದಳು.

"ನಾನೇ ಏಳ್ದೆ ಸ್ವಾಮಿ," ಅಂದಳು. "ಒಲ ಬುಟ್ಕೊಡ್ತೀನಿ ಅಂತವ್ರೆ, ವಸಿ ಬುದ್ಧಿ ಏಳಪ್ಪ ನಿಮ್ಮಣ್ಣಂಗೆ ಅಂದೆ. ಇಂಗ್ ಮಾಡ್ತಾನೆ ಅಂತ ನಂಗೇನ್ ಗೊತ್ತು."

ದೇವರಾಜುವನ್ನು ಜೀಪಿಗೆ ಹತ್ತಿಸಿದರು.

*

ಸೋಮವಾರ ಕೋಟೆಯಲ್ಲಿ ಭೂ ನ್ಯಾಯಮಂಡಳಿ ಸೇರಿತು. ಮಾರ ಮತ್ತು ಕೆಂಚಿ ಜಗಲಿಯ ತುದಿಯಲ್ಲಿ ಕೂತಿದ್ದರು. ಮೈಮೇಲೆ ಕೇಸಿಲ್ಲ, ಅಷ್ಟೇ. ಪರವಾಗಿ ಒಂದು ಮಾತು ಹೇಳುವ ಜಮೀನುದಾರನಿಲ್ಲ. ಅವರ ಹೆಸರು ಕೂಗಿದಾಗ ಹೊರಗೆ ಗಾಡಿಯೊಂದು ನಿಂತಿತು.

ಸಾಕಮ್ಮ ಇಳಿದಳು. ಸೂತಕ ಕಳೆಯದ ಹೆಂಗಸು ಕಚೇರಿ ಮೆಟ್ಟಿಲು ಹತ್ತಬಾರದೆಂದು ಊರಿನವರು ತಡೆದಿದ್ದರಂತೆ. ಅವಳು ಕೇಳಿರಲಿಲ್ಲ. ನೇರ ಒಳಗೆ ಬಂದು ಕೆಂಚಿಯ ಪಕ್ಕ ನಿಂತಳು. ಚಿಕ್ಕಬಸಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಆ ಒಲ ಉತ್ತೋನು ಮಾರ ಸ್ವಾಮಿ. ಅವ್ನಿಗ್ ಮುಂಚೆ ಅವ್ರಪ್ಪ. ನಾವು ಅಲ್ಲಿ ಒಂದಿನಾನೂ ನೇಗ್ಲು ಇಡಿದಿಲ್ಲ."

ಅಧ್ಯಕ್ಷರು ಮುಂದಕ್ಕೆ ಬಾಗಿದರು. "ನಿಮ್ಮ ಯಜಮಾನರೂ ಹೀಗೇ ಹೇಳ್ತಿದ್ರು ಅಂತ ನಿಮಗೆ ಗೊತ್ತಾಮ್ಮ?"

"ಗೊತ್ತಿತ್ತು ಸ್ವಾಮಿ," ಸಾಕಮ್ಮ ಹೇಳಿದಳು. "ನಂಗೆ ಗೊತ್ತಿದ್ದುದ್ಕೇ ಅವ್ರು ಸತ್ರು."