ತಲೆಯಿಲ್ಲದ ಬೊಂಬೆಗೆ ಭಾಷಣ

"ಡಿಲೀಟ್ ಮಾಡು ಅಂತ ಹೇಳ್ತಿದೀನಿ." ಗುಬ್ಬಿ ಸ್ಕೂಲ್ ಬ್ಯಾಗನ್ನು ಕುರ್ಚಿಯ ಮೇಲೆ ಎಸೆದಳು.

"ಯಾಕೇ? ಎಷ್ಟು ಲೈಕ್ ಬಂದಿದೆ ನೋಡು." ಅಕ್ಕ ಫೋನಿನಿಂದ ತಲೆ ಎತ್ತಲಿಲ್ಲ.

ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅಳತೆ ನೋಡಲು ಒಂದು ತಲೆಯಿಲ್ಲದ ಬೊಂಬೆ ಇದೆ. ಕ್ಲಾಸಿನಲ್ಲಿ ಎದ್ದು ನಿಂತರೆ ಸಾಕು, ಗುಬ್ಬಿಗೆ ಕಲಿತದ್ದೆಲ್ಲ ಮರೆತುಹೋಗುತ್ತದೆ. ಅದಕ್ಕೇ ನಾಳೆಯ ಭಾಷಣವನ್ನು ಅವಳು ಬೊಂಬೆಯ ಮುಂದೆ ಹೇಳಿ ಹೇಳಿ ಕಲಿಯುತ್ತಿದ್ದಳು. ಅದಕ್ಕೆ 'ಗುಡ್ ಮಾರ್ನಿಂಗ್ ಮಿಸ್' ಎಂದೂ ಅನ್ನುತ್ತಿದ್ದಳು. ಅಕ್ಕ ಬಾಗಿಲ ಸಂದಿಯಿಂದ ವಿಡಿಯೊ ಮಾಡಿ, ಊರಿಗೆಲ್ಲ ಕಾಣುವ ಹಾಗೆ ಹಾಕಿಬಿಟ್ಟಿದ್ದಳು.

ಇವತ್ತು ಕ್ಲಾಸಿನ ಹುಡುಗರು ಕಂಬಕ್ಕೆ, ಡಸ್ಟ್‌ಬಿನ್ನಿಗೆಲ್ಲ 'ಗುಡ್ ಮಾರ್ನಿಂಗ್ ಮಿಸ್' ಅಂದರು.

"ನಾಳೆ ನಾನು ಭಾಷಣ ಮಾಡಲ್ಲ. ನಿನ್ನಿಂದಾನೇ."

"ಅಯ್ಯೋ, ಎಷ್ಟು ಮುದ್ದಾಗಿದೆ ಗೊತ್ತಾ? ನಾನಾಗಿದ್ರೆ ಕುಣಿದಾಡ್ತಿದ್ದೆ."

ಗುಬ್ಬಿಗೆ ಮೈಯೆಲ್ಲ ಉರಿಯಿತು. ಇವಳಿಗೂ ಬಿಸಿ ಮುಟ್ಟಿಸಬೇಕು ಎಂದು ಕಾದಳು. ಸಂಜೆ ಅಕ್ಕ ಮುಖಕ್ಕೆ ಹಸಿರು ಕ್ರೀಮ್ ಬಳಿದುಕೊಂಡು, ಬಾಯಿ ಬಿಟ್ಟು, ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದಳು. ಗುಬ್ಬಿ ಅಮ್ಮನ ಫೋನಿನಲ್ಲಿ ಫೋಟೊ ತೆಗೆದಳು.

"ಏಳೇ. ಇದನ್ನ ಎಲ್ಲರಿಗೂ ಕಳಿಸ್ತೀನಿ."

ಅಕ್ಕ ನೋಡಿದಳು. ಬಿದ್ದು ಬಿದ್ದು ನಕ್ಕಳು. "ಸಖತ್ತಾಗಿದೆ. ಕೊಡು, ನಾನೇ ಹಾಕ್ತೀನಿ." 'ಕಪ್ಪೆ ನಿದ್ದೆ' ಎಂದು ಬರೆದು ಹಾಕಿಯೂ ಬಿಟ್ಟಳು.

ಗುಬ್ಬಿಗೆ ಕೋಪಕ್ಕೆ ಅಳುವೇ ಬಂತು. "ನಿಂಗೆ ನಾಚಿಕೆ ಆಗಲ್ವಾ?"

"ಇದರಲ್ಲಿ ನಾಚಿಕೆ ಏನು ಬಂತು?"

ಅಕ್ಕ ನಾಟಕ ಮಾಡುತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ನನಗೆ ಆಗುತ್ತೆ." ಗುಬ್ಬಿ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಎಲ್ಲರೂ ನೋಡಿದ್ರೆ ನಿಂಗೆ ಖುಷಿ. ನಂಗೆ ಎಲ್ಲಾದ್ರೂ ಬಚ್ಚಿಟ್ಕೊಳ್ಳೋಣ ಅನ್ಸುತ್ತೆ. ಯಾರೂ ಇಲ್ಲ ಅಂತಾನೇ ನಾನು ಮಾತಾಡಿದ್ದು. ನೀನು ಕೇಳಬೇಕಿತ್ತು."

ಒಳಗೆ ಹೊಲಿಗೆ ಮೆಷಿನ್ ನಿಂತಿತು.

ಅಕ್ಕ ನಗು ನಿಲ್ಲಿಸಿದಳು. ಬೊಂಬೆಯ ವಿಡಿಯೊ ಹುಡುಕಿ ಅಳಿಸಿದಳು. "ಸಾರಿ ಕಣೇ. ನೀನೂ ನನ್ನ ಹಾಗೇ ಅಂದ್ಕೊಂಡಿದ್ದೆ."

ಗುಬ್ಬಿಯ ಕೋಪ ಇಳಿಯಲಿಲ್ಲ. ಹುಡುಗರು ನೋಡಿದ್ದನ್ನು ಅಳಿಸುವುದು ಹೇಗೆ? ನಾಳೆಯೂ ನಗುತ್ತಾರೆ. ಅಕ್ಕನಿಗೆ ಇಷ್ಟೆಲ್ಲ ಹೇಳಿದ ಮೇಲೆ, ನಕ್ಕರೆ ನಗಲಿ, ಭಾಷಣ ಮಾಡೇ ಮಾಡುತ್ತೇನೆ ಎನಿಸಿತು ಅವಳಿಗೆ.

"ಕೂತ್ಕೋ," ಅಂದಳು. "ಒಂದ್ಸಲ ಭಾಷಣ ಹೇಳ್ತೀನಿ. ಕೇಳು."

ಅಕ್ಕನ ಕೈ ತಾನಾಗಿ ಫೋನಿನ ಕಡೆ ಹೋಯಿತು. ಅರ್ಧದಲ್ಲೇ ನಿಂತಿತು. "ವಿಡಿಯೊ... ಮಾಡ್ಲಾ?"

"ಬೇಡ."

ಅಕ್ಕ ಫೋನನ್ನು ಮಗುಚಿಟ್ಟಳು. ಸುಮ್ಮನಿರದ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಅವಳಿಗೆ ಅದು ಎಷ್ಟು ಕಷ್ಟ ಎಂದು ಗುಬ್ಬಿಗೆ ಆಗ ಕಂಡಿತು.