ಸೋಮವಾರ ಹೂಡಿದ ನೇಗಿಲು

ಹುಲಿಯಮ್ಮ ಶಿಕಾರಿಪುರದ ಜಗದಾಂಬನವರ ಮನೆಗೆ ಬಂದದ್ದು ಮಂಗಳವಾರ. ಕುಪ್ಪಗಡ್ಡೆಯಿಂದ ಸೊರಬಕ್ಕೆ, ಅಲ್ಲಿಂದ ಇಲ್ಲಿಗೆ, ನೆನೆದ ಸೀರೆಯಲ್ಲೇ ಬಂದಿದ್ದಳು. ಒಳಗೆ ಕರೆದರೂ ಬರಲಿಲ್ಲ, ಅಂಗಳದಲ್ಲೇ ನಿಂತಳು.

"ನನ್ನ ಗಂಡನ್ನ ಪೊಲೀಸ್ರು ಹಿಡ್ಕಂಡು ಹೋಗ್ಯಾರ, ಅಮ್ಮಾರೆ. ಒಪ್ಪಿಕೋ ಅಂತ ಬಡೀತಿದಾರೆ. ಇನ್ನೆರಡು ದಿನ ಬಿಟ್ರೆ ಒಪ್ಪಿಕೊಂಡೇ ಬಿಡ್ತಾನೆ."

ಜಗದಾಂಬನವರ ಗಂಡ ವಕೀಲರಾಗಿದ್ದರು. ಅವರು ತೀರಿಕೊಂಡ ಮೇಲೆ ಆಕೆ ಅದೇ ಕುರ್ಚಿಯಲ್ಲಿ ಕೂತು ಸುತ್ತಿನ ಕಳವು ಕೊಲೆಗಳ ಜಾಡು ಹಿಡಿಯುತ್ತಿದ್ದರು. ಎಲ್ಲಿಗೆ ಹೋದರೂ ಜೊತೆಗೆ ಮಾಸ್ತಪ್ಪ. ಆ ಮನೆಯಲ್ಲೇ ತಲೆ ನರೆತವನು, ಮಾತು ಕಮ್ಮಿ.

ಹುಲಿಯಮ್ಮ ಹೇಳಿದ್ದು ಇಷ್ಟು. ಆಕೆಯ ಗಂಡ ರಂಗಪ್ಪ, ನೀಲಾಂಬಿಕಮ್ಮನ ಆಳು. ಮಕ್ಕಳಿಲ್ಲದ ಆ ವಿಧವೆ ಸರ್ಕಾರಿ ಜಾಗದಲ್ಲಿ ಬಗರ್‌ಹುಕುಂ ಗದ್ದೆ ಮಾಡಿಕೊಂಡಿದ್ದಳು. ಶನಿವಾರ ಇಬ್ಬರಿಗೂ ಕಾಲುವೆ ನೀರಿನ ವಿಚಾರಕ್ಕೆ ಜಗಳವಾಗಿತ್ತು. ಭಾನುವಾರ ಬೆಳಿಗ್ಗೆ ಮುದುಕಿ ಗದ್ದೆ ಪಕ್ಕದ ಹೊಂಡದಲ್ಲಿ ಹೆಣವಾಗಿ ತೇಲಿದಳು. ಕುತ್ತಿಗೆಯಲ್ಲಿ ಬೆರಳಿನ ಗುರುತು.

ಅಂದೇ ಕುಪ್ಪಗಡ್ಡೆಗೆ ಹೋದರು. ಮುದುಕಿಯ ಮೈದುನನ ಮಗ ರೇಣುಕಾಪ್ರಸಾದ್ ಬೀಗ ತೆಗೆದು ಮನೆ ತೋರಿಸಿದ. ದೊಡ್ಡಮ್ಮ ಸಂಜೆ ಗದ್ದೆ ನೋಡಲು ಹೋದವಳು ತಿರುಗಿ ಬರಲಿಲ್ಲ ಎಂದ. ಒಲೆಯ ಮುಂದೆ ಮಾಸ್ತಪ್ಪನ ಹಿಮ್ಮಡಿಗೆ ಏನೋ ಚುಚ್ಚಿತು. ಕಿತ್ತು ನೋಡಿದರೆ ಕನ್ನಡಕದ ಗಾಜಿನ ಚೂರು. ಸದ್ದಿಲ್ಲದೆ ಜಗದಾಂಬನವರ ಅಂಗೈಗೆ ಹಾಕಿದ. ಪಕ್ಕದ ಮನೆಯವರು, ಹೆಣಕ್ಕೆ ಹೊದಿಸಲು ಗೂಟದಿಂದ ತೆಗೆದ, ಆಕೆ ಮಳೆಗೆ ಹೊದೆಯುವ ಕಂಬಳಿಕೊಪ್ಪೆ ಬೆಚ್ಚಗೆ ಒಣಗಿತ್ತು ಎಂದರು. ಶನಿವಾರ ಮಧ್ಯಾಹ್ನದಿಂದ ಮಳೆ ಹನಿ ಕಡಿದಿರಲಿಲ್ಲ.

ಗದ್ದೆ ಅರ್ಧ ಉತ್ತಿತ್ತು. "ಯಾರು ಉತ್ತಿದ್ದು?" ಎಂದರು ಜಗದಾಂಬ.

"ನಾನೇರಿ, ನಿನ್ನೆ. ಹದ ತಪ್ಪಿ ಹೋಗ್ತಿತ್ತು. ಊರೋರೆಲ್ಲ ನೋಡ್ಯಾರೆ, ಬೇಕಾದ್ರೆ ಕೇಳ್ರಿ," ಎಂದ ರೇಣುಕಾಪ್ರಸಾದ್.

ಮಾಸ್ತಪ್ಪ ಗದ್ದೆಯ ನಾಲ್ಕೂ ಮೂಲೆ ನೋಡಿದ. ಎಲ್ಲೂ ಹಸಿರು ಕಾಣಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಹೇಳಿದ: "ಸೋಮವಾರ ಎತ್ತು ಹೂಡ್ಯಾನೆ, ಅಮ್ಮ. ಸಸಿಮಡಿನೂ ಇಲ್ಲ."

ಜಗದಾಂಬ ಮನೆಗೆ ಹೋಗದೆ ಬಸ್‌ಸ್ಟ್ಯಾಂಡ್ ಬಳಿಯ ಗಂಗಾಶ್ರೀಯ ಕಂಪ್ಯೂಟರ್ ಅಂಗಡಿಗೆ ನಡೆದರು. ಬಗರ್‌ಹುಕುಂ ಮಸೂದೆಯೊಂದು ವಿಧಾನಸಭೆ ದಾಟಿದ್ದನ್ನು ಪೇಪರಿನಲ್ಲಿ ಓದಿದ್ದರು. ಗಂಗಾಶ್ರೀ ಇಂಟರ್ನೆಟ್ಟಿಗೆಂದು ಶಿವಮೊಗ್ಗಕ್ಕೆ ಫೋನು ಹಚ್ಚಿದಳು, ಯಂತ್ರ ಕಿರುಗುಟ್ಟಿತು. ಮೊದಲು ಮಸೂದೆಯ ಪಠ್ಯ ಬಂತು. ಅದಾದ ಮೇಲೆ ಮಸೂದೆ ಎಲ್ಲಿಗೆ ಬಂದಿದೆ ಎಂದು ತೋರಿಸುವ ಪುಟ. ಯಾರು ಬೇಕಾದರೂ ನೋಡಬಹುದಾದ ಪುಟ ಅದು. ಜಗದಾಂಬ ಎರಡನ್ನೂ ಪೂರ್ತಿ ಓದಿದರು.

"ಇದನ್ನ ಹೋದ ಶುಕ್ರವಾರ ಒಬ್ರು ತೆಗೆಸಿದ್ರು. ಕುಪ್ಪಗಡ್ಡೆಯೋರು," ಎಂದಳು ಗಂಗಾಶ್ರೀ. "ಎರಡನೇದೂ ನೋಡ್ರಿ ಅಂದೆ. ಬ್ಯಾಡ, ಫೋನಿನ ಬಿಲ್ ಏರುತ್ತೆ ಅಂದ್ರು."

ಮರುದಿನ ಮುದುಕಿಯ ಜಗಲಿಯ ಮೇಲೆ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರು ರಂಗಪ್ಪನನ್ನೂ ಕರೆಸಿದ್ದರು. ಅವನು ಅಂಗಳದಲ್ಲಿ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ.

ಜಗದಾಂಬ ಶುರು ಮಾಡಿದರು. ಆ ಮಳೆಯಲ್ಲಿ ಮುದುಕಿ ಕೊಪ್ಪೆಯಿಲ್ಲದೆ ಗದ್ದೆಗೆ ಹೋಗಿರಲು ಸಾಧ್ಯವಿಲ್ಲ. ಕನ್ನಡಕ ಒಡೆದದ್ದು ಒಲೆಯ ಮುಂದೆ. ಆಕೆ ಸತ್ತದ್ದು ಅಡುಗೆಮನೆಯಲ್ಲಿ, ಕತ್ತಲಾದ ಮೇಲೆ ಹಿತ್ತಿಲಿನಿಂದ ಹೊತ್ತು ಹೊಂಡಕ್ಕೆ ಹಾಕಿದ್ದಾರೆ.

"ರಂಗಪ್ಪನೇ ಒಳಗೆ ನುಗ್ಗಿರಬಹುದಲ್ಲ?" ಎಂದರು ಇನ್ಸ್‌ಪೆಕ್ಟರು. "ಕೊಲ್ಲೋಕೆ ಬಂದೋನು ಹೊಸಿಲು ನೋಡ್ತಾನಾ?"

"ಅವನು ನೋಡಲ್ಲ, ಬೀದಿ ನೋಡುತ್ತೆ. ಮೂವತ್ತು ವರ್ಷ ಅವನಿಗೆ ಹಿತ್ತಿಲಲ್ಲೇ ತೆಂಗಿನ ಚಿಪ್ಪಲ್ಲಿ ಕಾಫಿ ಹೊಯ್ದಿದ್ದಾಳೆ. ಹಿತ್ತಿಲ ಬಾಗಿಲಿಗೆ ಸದಾ ಒಳಗಿಂದ ಅಗುಳಿ. ಸಂಜೆ ಎದುರುಜಗಲಿ ತುಂಬ ಜನ. ಅವನು ಹೊಸಿಲು ತುಳಿದಿದ್ರೆ ಅವತ್ತೇ ಊರು ಅವನ ಚರ್ಮ ಸುಲೀತಿತ್ತು. ಮನೆ ಮಗ ಒಳಗೆ ಹೋದ್ರೆ ಯಾರು ತಲೆ ಎತ್ತಿ ನೋಡ್ತಾರೆ?"

ಜಗಲಿಯವರು ತಲೆ ತಗ್ಗಿಸಿದರು. ರೇಣುಕಾಪ್ರಸಾದ್ ಮೇಲೆದ್ದ. ಮಾಸ್ತಪ್ಪ ಬಾಗಿಲಿಗೆ ಅಡ್ಡ ನಿಂತ.

ಜಗದಾಂಬ ಮುಂದುವರಿಸಿದರು. ಸೋಮವಾರ ಬಸವಣ್ಣನ ದಿನ, ಆ ಊರಲ್ಲಿ ಯಾರೂ ನೊಗ ಹೂಡುವುದಿಲ್ಲ. ರೇಣುಕಾಪ್ರಸಾದ್ ಹೂಡಿದ. ನೆಡಲು ಒಂದು ಹಿಡಿ ಸಸಿಯಿಲ್ಲದೆ, ಬೆಳೆಯುವುದಕ್ಕಲ್ಲ, ಉಳುವುದನ್ನು ನಾಲ್ಕು ಜನ ನೋಡಲಿ ಎಂದು. ಕಾಯ್ದೆ ಜಾರಿಯಾದ ದಿನ ಗದ್ದೆ ಯಾರ ಉಳುಮೆಯಲ್ಲಿದೆಯೋ ಅವರಿಗೇ ಹಕ್ಕು ಎಂದಿತ್ತು ಮಸೂದೆ. ಜಾರಿಯ ದಿನ ಎಂದು ಅದರಲ್ಲಿ ಬರೆದದ್ದು ಆ ಸೋಮವಾರವನ್ನೇ. ಅಷ್ಟರೊಳಗೆ ದೊಡ್ಡಮ್ಮ ಇಲ್ಲವಾಗಬೇಕಿತ್ತು.

"ಓದಿದ್ದು ಸರಿಯಾಗೇ ಓದಿದ್ದೀಯ," ಎಂದರು ಜಗದಾಂಬ. "ಅರ್ಧ ಓದಿದ್ದೀಯ. ವಿಧಾನಸಭೆ ಒಪ್ಪಿದ ಮೇಲೆ ಪರಿಷತ್ತು ಒಪ್ಪಬೇಕು, ರಾಜ್ಯಪಾಲರ ಸಹಿ ಬೀಳಬೇಕು, ರಾಜ್ಯಪತ್ರದಲ್ಲಿ ಬರಬೇಕು. ನಿನ್ನ ಮಸೂದೆ ಪರಿಷತ್ತಲ್ಲೇ ಕೂತಿತ್ತು. ಗುರುವಾರ ವಿಧಾನಸಭೆ ವಿಸರ್ಜನೆ ಆಯ್ತು, ಅದರ ಜೊತೆಗೇ ಬಿದ್ದುಹೋಯ್ತು. ಎರಡನೇ ಪುಟದಲ್ಲಿದೆ. ನೀನು ದೊಡ್ಡಮ್ಮನ ಕತ್ತು ಹಿಸುಕಿದ್ದು ಶನಿವಾರ."

ರೇಣುಕಾಪ್ರಸಾದ್ ಗೋಡೆಗೊರಗಿದ. ಅಳುತ್ತಾನೆಂದುಕೊಂಡ ಮಾಸ್ತಪ್ಪ. ರೇಣುಕಾಪ್ರಸಾದ್ ತುಟಿ ಒರೆಸಿಕೊಂಡು ಕೇಳಿದ:

"ಎಲೆಕ್ಷನ್ ಆದ್ಮೇಲೆ ಅದನ್ನ ಮತ್ತೆ ತರ್ತಾರೇನ್ರಿ?"

ಪೇದೆಗಳು ಅವನನ್ನು ಜೀಪಿಗೆ ಹತ್ತಿಸಿದರು. ಇನ್ಸ್‌ಪೆಕ್ಟರು ಟೋಪಿ ಸರಿಮಾಡಿಕೊಳ್ಳುತ್ತಾ ಅಂಗಳಕ್ಕಿಳಿದು, ಇನ್ನು ನೀನು ಹೋಗಬಹುದು ಎಂದರು ರಂಗಪ್ಪನಿಗೆ.

ಹುಲಿಯಮ್ಮ ಗಂಡನ ಕೈ ಬಿಡಿಸಿ ಎತ್ತಿ ಹಿಡಿದಳು. ಬೆರಳುಗಳು ಊದಿ ಕಪ್ಪಾಗಿ ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿದ್ದವು.

"ಹೋಗಾಕೆ ಕಾಲು ಅದಾವೆ, ಸ್ವಾಮಿ," ಎಂದಳು. "ನೇಗಿಲ ಮೇಣಿ ಹಿಡಿಯಾಕೆ ಕೈ ಯಾವಾಗ ಕೊಡ್ತೀರಿ?"